ತಟ್ಟೆ ಕಂಡರೆ ಮುಖ ತಿರುಗಿಸುವ ಮಗು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗನಿಗೆ ಮೂರೂವರೆ ವರ್ಷ. ಮೊಸರನ್ನ ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ. ಹೊಟ್ಟೆಗೆ ಏನಾದರೂ ಹೋಗಲಿ ಎಂದು ದಿನಕ್ಕೆ ನಾಲ್ಕು ಲೋಟ ಹಾಲು ಕೊಡುತ್ತೇನೆ. ಬೇರೆ ಊಟ ರೂಢಿ ಮಾಡಿಸುವುದು ಹೇಗೆ?
– ಹೆಸರು ಬೇಡ, ಹಾಸನ

ಉತ್ತರ: ಗಂಟು ಇರುವುದು ಆ ನಾಲ್ಕು ಲೋಟದಲ್ಲೇ. ಲೋಟಕ್ಕೆ 200 ಮಿ.ಲೀ. ಎಂದು ಹಿಡಿದರೆ 800 ಮಿ.ಲೀ. ಸಕ್ಕರೆ ಹಾಕದಿದ್ದರೂ ಸುಮಾರು 500 ಕ್ಯಾಲೊರಿ. ಈ ವಯಸ್ಸಿಗೆ ದಿನವಿಡೀ ಬೇಕಾದದ್ದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಹಾಲಿನಲ್ಲೇ ಮುಗಿದರೆ ಊಟದ ಹೊತ್ತಿಗೆ ಹಸಿವು ಎಲ್ಲಿಂದ ಬರಬೇಕು? ಮೇಲಾಗಿ ಹಾಲಿನಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. ಉಳಿದ ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತುವುದಕ್ಕೂ ಅದು ಅಡ್ಡಿ.

ಎರಡು ಲೋಟಕ್ಕೆ, ಅಂದರೆ 400 ಮಿ.ಲೀ.ಗೆ ಇಳಿಸಿ. ಒಂದೇ ದಿನದಲ್ಲಿ ಬೇಡ, ಮೂರು ದಿನಕ್ಕೊಮ್ಮೆ ಅರ್ಧ ಲೋಟದಂತೆ. ಮೊದಲು ಬಿಡಿಸಬೇಕಾದದ್ದು ಮಧ್ಯಾಹ್ನದ ಊಟಕ್ಕೆ ಮುಂಚಿನದು, ಆಮೇಲೆ ರಾತ್ರಿ ಊಟಕ್ಕೆ ಮುಂಚಿನದು. ಎರಡು ಊಟ-ತಿಂಡಿಗಳ ನಡುವೆ ಎರಡೂವರೆ ಗಂಟೆ ಬರೀ ನೀರು. ‘ಒಂದೇ ಒಂದು ಬಿಸ್ಕತ್ತು’ ಕೂಡ ಲೆಕ್ಕಕ್ಕೆ ಬರುತ್ತದೆ.

ಇನ್ನು ತಟ್ಟೆ. ಅವನ ಮೊಸರನ್ನ ಒಂದು ಕಡೆ ಇರಲಿ. ಪಕ್ಕದಲ್ಲಿ, ತಾಗದ ಹಾಗೆ, ಒಂದೇ ಒಂದು ಚಮಚ ಹೊಸದು: ಹೆಸರುಬೇಳೆ ತೊವ್ವೆ, ಬೇಯಿಸಿದ ಸಿಹಿಗುಂಬಳ, ಏನಾದರೂ ಸರಿ. ತಿನ್ನು ಎನ್ನಬೇಡಿ. ಮುಟ್ಟಿ ಬಿಟ್ಟರೂ ಸರಿ, ನೆಕ್ಕಿ ಉಗಿದರೂ ಸರಿ. ಅದೇ ಪದಾರ್ಥ ಹತ್ತು-ಹದಿನೈದು ಸಲ ಕಣ್ಣಿಗೆ ಬಿದ್ದ ಮೇಲೆ ಬಾಯಿಗೆ ಹೋಗುವ ಮಕ್ಕಳೇ ಹೆಚ್ಚು. ನಾವು ಮೂರನೇ ಸಲಕ್ಕೇ ‘ಇವನಿಗೆ ಸೇರಲ್ಲ’ ಎಂದು ಷರಾ ಬರೆದುಬಿಡುತ್ತೇವೆ. ತೊವ್ವೆಯನ್ನು ಮೊಸರನ್ನದೊಳಗೆ ಕದ್ದು ಕಲಸುವ ಆಸೆ ಬರುತ್ತದೆ. ಬೇಡ. ಸಿಕ್ಕಿಬಿದ್ದರೆ ಮೊಸರನ್ನವೂ ಕೈಬಿಟ್ಟೀತು.

ಪ್ರಶ್ನೆ: ತರಕಾರಿ, ಸೊಪ್ಪು ಏನು ಹಾಕಿದರೂ ಮಗಳು ಆರಿಸಿ ಉಗಿಯುತ್ತಾಳೆ. ನಾಲ್ಕು ವರ್ಷ. ಅವಳು ತಿನ್ನುವಂಥದ್ದೇನಾದರೂ ಹೇಳಿ.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಎಷ್ಟೋ ಮಕ್ಕಳು ಉಗಿಯುವುದು ರುಚಿಗಲ್ಲ, ನಾರಿಗೆ. ನುಗ್ಗೆ ಸೊಪ್ಪಿನ ಸಣ್ಣ ಕಡ್ಡಿ, ಪಾಲಕ್ ದಂಟು, ಹುರುಳಿಕಾಯಿಯ ನಾರು ಅಗಿದಷ್ಟೂ ಬಾಯಲ್ಲೇ ಉಳಿಯುತ್ತದೆ. ಎಲೆ ಮಾತ್ರ ಬಿಡಿಸಿ, ಸಣ್ಣಗೆ ಹೆಚ್ಚಿ. ಮೆಂತ್ಯ ಕಹಿ, ಅದನ್ನು ಕೊನೆಗಿಡಿ. ಸಬ್ಬಸಿಗೆ, ಪಾಲಕ್‌ನಿಂದ ಶುರು ಮಾಡಿ.

ಪಡ್ಡು ಇಂಥ ಮಕ್ಕಳಿಗೆ ಹೇಳಿ ಮಾಡಿಸಿದ್ದು, ಕೈಯಲ್ಲಿ ಹಿಡಿದು ಎರಡು-ಮೂರು ಸಲ ಕಚ್ಚಿದರೆ ಮುಗಿಯಿತು. ಹುಳಿ ಬಂದ ದೋಸೆ ಹಿಟ್ಟು ಎರಡು ಲೋಟ, ತುರಿದ ಕ್ಯಾರೆಟ್ ಕಾಲು ಲೋಟ, ಹೆಚ್ಚಿದ ಸಬ್ಬಸಿಗೆ ಎರಡು ಚಮಚ, ಸಣ್ಣಗೆ ಹೆಚ್ಚಿದ ಈರುಳ್ಳಿ ಒಂದು. ತರಕಾರಿಯನ್ನು ಒಂದು ಚಮಚ ಎಣ್ಣೆಯಲ್ಲಿ ಎರಡು ನಿಮಿಷ ಬಾಡಿಸಿ, ಆರಿಸಿ, ಹಿಟ್ಟಿಗೆ ಹಾಕಿ. ಹಸಿಯಾಗಿ ಹಾಕಿದರೆ ಉಪ್ಪು ತಾಗಿದ ಕೂಡಲೇ ನೀರು ಬಿಟ್ಟುಕೊಂಡು ಹಿಟ್ಟು ತೆಳ್ಳಗಾಗುತ್ತದೆ, ಪಡ್ಡು ಉಬ್ಬದೆ ಚಪ್ಪಟೆಯಾಗುತ್ತದೆ. ಹಂಚು ಚೆನ್ನಾಗಿ ಕಾದ ಮೇಲೆ ಉರಿ ಸಣ್ಣ ಮಾಡಿ, ಗುಳಿಗೆ ಕಾಲು ಚಮಚ ಎಣ್ಣೆ ಬಿಟ್ಟು, ಮುಕ್ಕಾಲು ಭಾಗ ಹಿಟ್ಟು ಹುಯ್ದು, ಮುಚ್ಚಿ ಮೂರು ನಿಮಿಷ. ತಿರುವಿ ಹಾಕಿ ಮುಚ್ಚದೆ ಎರಡು ನಿಮಿಷ. ಉರಿ ಜೋರಿದ್ದರೆ ಮೇಲೆ ಕೆಂಪಗೆ, ಒಳಗೆ ಹಸಿ ಅಂಟು. ಅಂಥದ್ದೊಂದು ಬಾಯಿಗೆ ಹೋದರೆ ಮಗು ವಾರಗಟ್ಟಲೆ ಪಡ್ಡು ಮುಟ್ಟುವುದಿಲ್ಲ.

ಅಕ್ಕಿ ರೊಟ್ಟಿಯೂ ಆಗುತ್ತದೆ, ಆದರೆ ದೊಡ್ಡವರ ಗರಿಗರಿ ರೊಟ್ಟಿಯನ್ನು ಸಣ್ಣ ಹಲ್ಲು ಅಗಿಯಲಾರದು. ಒಂದು ಲೋಟ ಹಿಟ್ಟಿಗೆ ಕಾಲು ಲೋಟ ಮೆತ್ತಗಿನ ಅನ್ನ ಹಿಸುಕಿ ಸೇರಿಸಿ, ಬಿಸಿ ನೀರಿನಲ್ಲಿ ಕಲಸಿ ತಟ್ಟಿ, ಮುಚ್ಚಿ ಬೇಯಿಸಿ. ಆರಿದ ಮೇಲೂ ಮೃದುವಾಗಿರುತ್ತದೆ. ಜೊತೆಗೆ ಶೇಂಗಾ ಚಟ್ನಿ ಕೊಡಿ, ಇಡೀ ಶೇಂಗಾ ಮಾತ್ರ ಕೈಗೆ ಕೊಡಬೇಡಿ. ಐದು ವರ್ಷದ ತನಕ ಗಂಟಲಿಗೆ ಸಿಕ್ಕಿಕೊಳ್ಳುವ ಭಯ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ.

ಪ್ರಶ್ನೆ: ನಮ್ಮ ಅತ್ತೆ ತಟ್ಟೆ ಹಿಡಿದು ಮೊಮ್ಮಗನ ಹಿಂದೆ ಒಂದೂವರೆ ಗಂಟೆ ಓಡಾಡುತ್ತಾರೆ. ಮೊಬೈಲ್ ಹಾಕಿದರಷ್ಟೇ ಬಾಯಿ ತೆರೆಯುತ್ತಾನೆ. ಬೇಡ ಅಂದರೆ ಅವರಿಗೆ ಬೇಸರ.
– ಸೊಸೆ, ಮೈಸೂರು

ಉತ್ತರ: ಮೊಬೈಲ್ ನೋಡುವ ಮಗುವಿಗೆ ಹೊಟ್ಟೆ ತುಂಬಿದ್ದೂ ಗೊತ್ತಾಗದು, ತಿಂದದ್ದೇನೆಂದೂ ಗೊತ್ತಾಗದು. ಊಟಕ್ಕೆ 25 ನಿಮಿಷ ಸಾಕು. ಆಮೇಲೆ ಬೈಯದೆ ತಟ್ಟೆ ಎತ್ತಿಡಿ. ಮೊದಲ ನಾಲ್ಕೈದು ದಿನ ಕಡಿಮೆ ತಿನ್ನುತ್ತಾನೆ, ಹೆದರಬೇಡಿ.

ಅತ್ತೆಯವರ ಕೈಯಿಂದ ತಟ್ಟೆ ಕಿತ್ತುಕೊಳ್ಳುವ ಬದಲು ಕೈತುತ್ತು ಹಾಕಲು ಹೇಳಿ. ಮನೆಯವರೆಲ್ಲ ಸುತ್ತ ಕೂತು, ಅಜ್ಜಿ ಕಲಸಿದ ಹುಳಿಯನ್ನದ ತುತ್ತು ಒಬ್ಬೊಬ್ಬರ ಅಂಗೈಗೆ. ಮೊಮ್ಮಗನ ತುತ್ತು ನೆಲ್ಲಿಕಾಯಿ ಗಾತ್ರ ಇರಲಿ, ಬಾಯಿಗಲ್ಲ, ಅಂಗೈಗೇ. ಎಲ್ಲರೂ ತಿನ್ನುವುದನ್ನು ನೋಡಿ ತಾನೇ ಬಾಯಿಗೆ ಹಾಕಿಕೊಳ್ಳುವುದು ಅಲ್ಲಿ ಶುರುವಾಗುತ್ತದೆ. ಅತ್ತೆಯವರಿಗೂ ಊಟ ಹಾಕಿದ ಸಮಾಧಾನ.

ಪ್ರಶ್ನೆ: ಎಲ್‌ಕೆಜಿ ಮಗುವಿನ ಡಬ್ಬಿ ದಿನಾ ಹಾಗೇ ವಾಪಸ್ ಬರುತ್ತದೆ.
– ಓದುಗರು, ಬೆಂಗಳೂರು

ಉತ್ತರ: ಮೊದಲು ಮಗುವಿನ ಕೈಗೆ ಡಬ್ಬಿ ಕೊಟ್ಟು ಮುಚ್ಚಳ ತೆಗೆಯುತ್ತದೆಯೇ ನೋಡಿ. ನಗಬೇಡಿ, ಅರ್ಧ ಡಬ್ಬಿಗಳ ಕಥೆ ಇದೇ. ದೋಸೆಯನ್ನು ಬಿಸಿಯಿದ್ದಾಗಲೇ ಮುಚ್ಚಿದರೆ ಹಬೆಗೆ ಒದ್ದೆಯಾಗಿ ಆಮೇಲೆ ತೊಗಲಿನಂತಾಗುತ್ತದೆ. ಐದು ನಿಮಿಷ ಆರಿಸಿ, ಬೆರಳಗಲ ಕತ್ತರಿಸಿ ಹಾಕಿ. ಇಡ್ಲಿಗೆ ತುಪ್ಪ, ಚಟ್ನಿಪುಡಿ ಸವರಿ ಕಳಿಸಿ.

ಪ್ರಶ್ನೆ: ಹಸಿವಿಗೆ ಟಾನಿಕ್ ಕೊಡಬಹುದೇ? ಮಗು ಗೋಡೆಯ ಸುಣ್ಣ ಕೆರೆದು ತಿನ್ನುತ್ತದೆ.
– ಓದುಗರು, ಕೊಪ್ಪಳ

ಉತ್ತರ: ಟಾನಿಕ್ ಆಮೇಲೆ. ಸುಣ್ಣ, ಮಣ್ಣು, ಬಳಪ ತಿನ್ನುವುದು ರಕ್ತಹೀನತೆಯ ಸೂಚನೆ ಇರಬಹುದು, ಈ ವಾರವೇ ಹಿಮೋಗ್ಲೋಬಿನ್ ನೋಡಿಸಿ. ಐದು ವರ್ಷದೊಳಗಿನವರಿಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ಕಬ್ಬಿಣದ ಔಷಧದ ಪ್ರಮಾಣವನ್ನು ವೈದ್ಯರೇ ತೂಕ ನೋಡಿ ಹೇಳಬೇಕು. ಜಂತುಹುಳುವಿನ ಮಾತ್ರೆಯನ್ನು ಫೆಬ್ರುವರಿ, ಆಗಸ್ಟ್ ತಿಂಗಳಲ್ಲಿ ಅಂಗನವಾಡಿಯಲ್ಲಿ ಉಚಿತವಾಗಿ ಕೊಡುತ್ತಾರೆ. ಹಿಂದಿನ ಸಲ ತಪ್ಪಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ.