ನಿಮ್ಮ ಜಾಗ್ವಾರ್ ಲೇಖನದ ಬಗ್ಗೆ ನಾಲ್ಕು ಮಾತು

ನಮಸ್ಕಾರ. ನಮ್ಮ ವಾಯುಪಡೆಯ ಜಾಗ್ವಾರ್ ಯುದ್ಧವಿಮಾನದ ಬಗ್ಗೆ ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ಗಗನದ ಖಡ್ಗ ಜಾಗ್ವಾರ್’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕಾರಣ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಒಂದೂವರೆ ಪುಟ ತೆಗೆದುಬಿಡಿ. ಅಲ್ಲಿ ‘ಶತ್ರುಗಳ ಎದೆ ನಡುಗಿಸುವ’ ಎಂಬುದು ನಾಲ್ಕು ಸಲ ಬಂದಿದೆ, ವಿಮಾನ ಮಾತ್ರ ಇನ್ನೂ ಬಂದಿಲ್ಲ. ಆಮೇಲೆ ಪಟ್ಟಿ ಶುರು: ವೇಗ ಶಬ್ದದ 1.6 ಪಟ್ಟು, ಹೊರುವ ಭಾರ ಸುಮಾರು 4,500 ಕಿಲೋ, 30 ಮಿ.ಮೀ. ಫಿರಂಗಿ ಎರಡು. ಅಂಕಿ ಸರಿ ಇವೆ. ಆದರೆ ಸಂತೆಗೆ ಹೋಗಿ ಎತ್ತಿನ ಹಲ್ಲು ಎಣಿಸಿ ಬಂದ ಹಾಗಾಯಿತು, ಅದು ಉಳುತ್ತದೋ ಇಲ್ಲವೋ ಹೇಳಲೇ ಇಲ್ಲ.

ಈ ವಿಮಾನ ಹೀಗೇಕಿದೆ ಅಂತ ಹೇಳಿ. ಅದೇ ನಿಮ್ಮ ಲೇಖನ. 1965ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಸೇರಿ ಇದನ್ನು ಮಾಡಲು ಹೊರಟಾಗ ಪೈಲಟ್‌ಗಳ ತರಬೇತಿಯೇ ಇದರ ಒಂದು ದೊಡ್ಡ ಉದ್ದೇಶವಾಗಿತ್ತು. 1968ರಲ್ಲಿ ಮೊದಲ ಸಲ ಹಾರುವ ಹೊತ್ತಿಗೆ ಅದು ಬಾಂಬು ಹೊತ್ತು ದಾಳಿ ಮಾಡುವ ವಿಮಾನವಾಗುವತ್ತ ತಿರುಗಿತ್ತು. ಬರೀ ಕಲಿಸುವುದಕ್ಕೆ ಇಷ್ಟು ದುಬಾರಿ ವಿಮಾನ ಯಾಕೆ ಅಂತ ಬ್ರಿಟಿಷರು ಆಮೇಲೆ ತರಬೇತಿಗೆ ಹಾಕ್ ಎಂಬ ಬೇರೆ ವಿಮಾನ ಮಾಡಿಕೊಂಡರು. ಇದನ್ನು ನೀವು ಅಡಿಟಿಪ್ಪಣಿಗೆ ತಳ್ಳಿದ್ದೀರಿ! ನಾನಾಗಿದ್ದರೆ ಇಲ್ಲಿಂದಲೇ ಶುರು ಮಾಡುತ್ತಿದ್ದೆ.

ಆಮೇಲೆ ರೆಕ್ಕೆ. ‘ಚಿಕ್ಕ, ಸುಂದರ ರೆಕ್ಕೆಗಳು’ ಅಂತ ಬರೆದಿದ್ದೀರಿ. ಸುಂದರವಾಗಿರಲಿ ಅಂತ ಯಾರೂ ಚಿಕ್ಕದು ಮಾಡಲಿಲ್ಲ. ರಡಾರ್ ಕಣ್ಣಿಗೆ ಬೀಳದಂತೆ ಗುಡ್ಡ ಮರಗಳ ಮೇಲೆ ಸವರಿಕೊಂಡು ಹೋಗುವುದು ಇದರ ಕೆಲಸ, ಅಷ್ಟು ತಗ್ಗಿನಲ್ಲಿ ಗಾಳಿ ಸಿಕ್ಕಾಪಟ್ಟೆ ಕುಲುಕುತ್ತದೆ, ದೊಡ್ಡ ರೆಕ್ಕೆಯಾದರೆ ಪೈಲಟ್‌ಗೆ ಕೆಟ್ಟ ರಸ್ತೆಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ ಅನುಭವ. ಚಿಕ್ಕ ರೆಕ್ಕೆಗೆ ಆ ಕುಲುಕಾಟ ಕಡಿಮೆ. ಅದಕ್ಕೆ ತೆತ್ತ ಬೆಲೆಯೂ ಇದೆ: ಥಟ್ಟನೆ ತಿರುಗಲು ಆಗುವುದಿಲ್ಲ, ಭಾರ ಹೊತ್ತರೆ ಉದ್ದ ರನ್‌ವೇ ಬೇಕು. ಅದರ ಮೇಲೆ ಇದಕ್ಕೆ ಹಾಕಿರುವ ಅಡೂರ್ ಎಂಜಿನ್ನಿನ ಶಕ್ತಿ ಸಾಲದು ಎಂಬ ದೂರು ಮೊದಲಿನಿಂದಲೂ ಇದೆ, ನಮ್ಮ ಬಿಸಿಲಿನಲ್ಲಿ ಇನ್ನೂ ಜಾಸ್ತಿ. ಭೂಮಿ ದುಂಡಗಿರುವುದರಿಂದ ಮಾತ್ರ ಜಾಗ್ವಾರ್ ಮೇಲೇಳುತ್ತದೆ ಅಂತ ಬ್ರಿಟಿಷ್ ಪೈಲಟ್‌ಗಳಲ್ಲಿ ಒಂದು ಹಳೇ ತಮಾಷೆ. ಈ ಕೊರತೆಯನ್ನೂ ಬರೆಯಿರಿ. ಬರೆದರೆ ದೇಶಭಕ್ತಿ ಕಡಿಮೆಯಾಗುವುದಿಲ್ಲ.

‘ತಗ್ಗಿನಲ್ಲಿ ಹಾರಿದರೆ ಯಾರೂ ಮುಟ್ಟಲಾರರು’ ಎಂಬ ಸಾಲು ಹೋಗಲಿ. 1991ರ ಗಲ್ಫ್ ಯುದ್ಧದ ಮೊದಲ ದಿನ ಫ್ರಾನ್ಸಿನ 12 ಜಾಗ್ವಾರ್‌ಗಳು ಕುವೈತಿನ ಅಲ್ ಜಾಬರ್ ನೆಲೆಯ ಮೇಲೆ ತಗ್ಗಿನಲ್ಲಿ ನುಗ್ಗಿದವು. ನಾಲ್ಕಕ್ಕೆ ಏಟು ಬಿತ್ತು, ಒಬ್ಬ ಪೈಲಟ್‌ನ ತಲೆಗೆ ಗಾಯವಾಯಿತು. ಎಲ್ಲವೂ ವಾಪಸ್ ಬಂದವು ನಿಜ, ಆದರೆ ಆಮೇಲೆ ಅವು ಎತ್ತರದಿಂದಲೇ ಬಾಂಬು ಹಾಕಿದವು. ಯಾವುದಕ್ಕೆಂದೇ ಕಟ್ಟಿದ್ದರೋ ಅದೇ ಕೈಕೊಟ್ಟಾಗ ಏನು ಮಾಡಿದರು ಅನ್ನುವುದು ಓದುಗನಿಗೆ ಬೇಕು, ಅಲ್ವಾ?

ಎರಡು ತಪ್ಪು ಇವೆ, ಇವನ್ನು ಬಿಡಲು ಆಗುವುದಿಲ್ಲ. ಜಾಗ್ವಾರ್ ‘ಪೂರ್ತಿ ಸ್ವದೇಶಿ’ ಅಲ್ಲ. 1978ರಲ್ಲಿ ಆರಿಸಿಕೊಂಡೆವು, 1979ರ ಜುಲೈನಲ್ಲಿ ಮೊದಲ ವಿಮಾನಗಳು ಅಂಬಾಲಾಕ್ಕೆ ಬಂದಿಳಿದವು, ‘ಶಂಶೇರ್’ ಅಂತ ಹೆಸರಿಟ್ಟೆವು. ಆಮೇಲೆ ಬೆಂಗಳೂರಿನ ಎಚ್‌ಎಎಲ್ ಲೈಸೆನ್ಸ್ ಮೇಲೆ ಕಟ್ಟಿತು. ನಮ್ಮದು ಅಂತ ಹೇಳಿಕೊಳ್ಳಬೇಕಾದದ್ದು ಬೇರೆ ಇದೆ, ಅದನ್ನು ನೀವು ಮುಟ್ಟಿಯೇ ಇಲ್ಲ: ಡಾರಿನ್. ವಿಮಾನದ ಜೊತೆ ಬಂದ ಬ್ರಿಟಿಷ್ ದಾರಿ ತೋರಿಸುವ ವ್ಯವಸ್ಥೆ ಸಾಲದು ಅನ್ನಿಸಿ, ಬೇರೆ ಬೇರೆ ದೇಶದ ಉಪಕರಣಗಳನ್ನು ತಂದು ಒಂದಕ್ಕೊಂದು ಮಾತಾಡುವ ಹಾಗೆ ಇಲ್ಲಿ ಜೋಡಿಸಿದರು. ಈಗ ಅದು ಮೂರನೇ ಆವೃತ್ತಿಗೆ ಬಂದಿದೆ. ಫ್ರಾನ್ಸ್ 2005ರಲ್ಲಿ, ಬ್ರಿಟನ್ 2007ರಲ್ಲಿ ಕೈಬಿಟ್ಟ ವಿಮಾನ ಆಮೇಲೂ ನಮ್ಮಲ್ಲಿ ಹಾರುತ್ತಾ ಬಂದದ್ದಕ್ಕೆ ಇದೂ ಒಂದು ಕಾರಣ.

ಎರಡನೆಯದು, 1999ರ ಕಾರ್ಗಿಲ್ ಯುದ್ಧದಲ್ಲಿ ಟೈಗರ್ ಹಿಲ್ ಮೇಲೆ ಲೇಸರ್ ಬಾಂಬು ಹಾಕಿದ್ದು ಜಾಗ್ವಾರ್ ಅಲ್ಲ, ಮಿರಾಜ್ 2000 ವಿಮಾನ.

ಭಾಷೆ ಬಗ್ಗೆ ಒಂದೇ ಮಾತು. ಬಾಂಬು, ಕ್ಷಿಪಣಿ ತಗುಲಿಸಲು ರೆಕ್ಕೆಗೆ ಜೋಡಿಸುವ ಪೈಲಾನ್‌ಗೆ ‘ಆಯುಧವಾಹಕ ಸ್ತಂಭ’ ಅಂತ ಬರೆದಿದ್ದೀರಿ. ನಿಮ್ಮ ದೊಡ್ಡಪ್ಪ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದರು ಅಂತ ನೀವೇ ಕೊನೆಗೆ ಹೇಳಿದ್ದೀರಿ. ಅವರ ಮುಂದೆ ಆ ಪದ ಓದಿ ನೋಡಿ, ಕಂಬ ಯಾವುದು ಅಂತ ಹುಡುಕುತ್ತಾರೆ. ಪೈಲಾನ್ ಅಂತಲೇ ಇರಲಿ. ಕೆಳಗಿನ ಜಾಗವೆಲ್ಲ ಬಾಂಬಿಗೆ ಉಳಿಯಲಿ ಅಂತ ಕ್ಷಿಪಣಿಯನ್ನು ರೆಕ್ಕೆಯ ಮೇಲೆ ಕೂರಿಸಿದ್ದಾರಲ್ಲ, ಆ ವಿಚಿತ್ರವನ್ನು ಅವರ ಬಾಯಲ್ಲೇ ಕೇಳಿ ಬರೆಯಿರಿ.

900 ಪದ ದಾಟಿಸಬೇಡಿ. ಫೋಟೋ ಮಾತ್ರ ಬೇರೆ ಬೇಕು. ನೀವು ಕಳಿಸಿರುವುದರಲ್ಲಿ ರೆಕ್ಕೆ ತ್ರಿಕೋನವಾಗಿದೆ, ಎಂಜಿನ್ ಒಂದೇ ಇದೆ. ಅದೂ ಮಿರಾಜೇ.