ದೆಹಲಿಯ ‘ಡಿ ಸ್ಕೂಲ್’ಗೂ ನಮ್ಮ ನಾಗರಭಾವಿಗೂ ಇರುವ ನಂಟು

ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಅಂದರೆ ಎಲ್ಲರೂ ‘ಡಿ ಸ್ಕೂಲ್’ ಅಂತ ಕರೆಯುವ ಸಂಸ್ಥೆ ಹೇಗೆ ಶುರುವಾಯಿತು, ಇಷ್ಟು ಹೆಸರು ಹೇಗೆ ಬಂತು, ಕಾಮರ್ಸ್ ಓದಿದವರಿಗೂ ಅಲ್ಲಿ ಜಾಗ ಇದೆಯಾ ಅಂತ ಕೇಳಿದ್ದೀರಿ. ನಾನು ಶಿವಮೊಗ್ಗದಲ್ಲಿ ಬಿ.ಕಾಂ. ಮುಗಿಸಿ, ಎಂ.ಕಾಂ. ಓದೋಕೆ ಅಲ್ಲಿಗೆ ಹೋದವನು. ಹಾಗಾಗಿ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಖಂಡಿತ ಇದೆ. ಹೆಸರಿನಲ್ಲಿ ಎಕನಾಮಿಕ್ಸ್ ಅಂತಷ್ಟೇ ಇದ್ದರೂ ಒಳಗೆ ಅರ್ಥಶಾಸ್ತ್ರ, ಕಾಮರ್ಸ್, ಸಮಾಜಶಾಸ್ತ್ರ, ಭೂಗೋಳ ಅಂತ ನಾಲ್ಕು ವಿಭಾಗಗಳಿವೆ.

ಇದನ್ನು ಕಟ್ಟಿದವರು ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್. ಭಾರತದ ರಾಷ್ಟ್ರೀಯ ಆದಾಯದ ಲೆಕ್ಕ ಹಾಕಿ ಕೇಂಬ್ರಿಡ್ಜ್‌ನಲ್ಲಿ ಡಾಕ್ಟರೇಟ್ ಪಡೆದವರು. 1931-32ರಲ್ಲಿ ಬ್ರಿಟಿಷ್ ಇಂಡಿಯಾದ ತಲಾ ಆದಾಯ ವರ್ಷಕ್ಕೆ 62 ರೂಪಾಯಿ ಅಂತ ಅವರ ಲೆಕ್ಕ. ಅಂದರೆ ತಿಂಗಳಿಗೆ 5 ರೂಪಾಯಿ ಚಿಲ್ಲರೆ! ಬೆಳೆ, ಕಾರ್ಖಾನೆ, ಕೂಲಿ ಎಲ್ಲವನ್ನೂ ಹೆಕ್ಕಿ ಹೆಕ್ಕಿ ಕೂಡಿಸಿದ ಕೆಲಸ ಅದು. 1942ರಲ್ಲಿ ಅವರು ದೆಹಲಿ ವಿಶ್ವವಿದ್ಯಾಲಯಕ್ಕೆ ಪ್ರೊಫೆಸರ್ ಆಗಿ ಬಂದರು. 1949ರಲ್ಲಿ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಥರದ್ದೊಂದು ಸಂಸ್ಥೆ ನಮ್ಮಲ್ಲೂ ಇರಲಿ ಅಂತ ಇದನ್ನು ಶುರು ಮಾಡಿದರು. ಆಗಷ್ಟೇ ಸ್ವಾತಂತ್ರ್ಯ ಬಂದಿತ್ತು. ದೇಶದ ಲೆಕ್ಕ ಹಾಕುವವರು ಇಲ್ಲೇ ತಯಾರಾಗಬೇಕಿತ್ತು.

ಬಿಸಿನೆಸ್ ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಈಗ ಎಫ್‌ಎಂಎಸ್ (ಫ್ಯಾಕಲ್ಟಿ ಆಫ್ ಮ್ಯಾನೇಜ್‌ಮೆಂಟ್ ಸ್ಟಡೀಸ್) ಅಂತ ಹೆಸರಾಗಿರುವ ಮ್ಯಾನೇಜ್‌ಮೆಂಟ್ ಸಂಸ್ಥೆ 1954ರಲ್ಲಿ ಹುಟ್ಟಿದ್ದು ಡಿ ಸ್ಕೂಲ್‌ನ ಆಸರೆಯಲ್ಲೇ. ಮೊದಲ ಐಐಎಂಗಳು ಬಂದಿದ್ದೇ ಅದಾದ ಏಳು ವರ್ಷಕ್ಕೆ, 1961ರಲ್ಲಿ. ಕಾಮರ್ಸ್ 1967ರಲ್ಲಿ ಸ್ವತಂತ್ರ ವಿಭಾಗವಾಯಿತು.

ಹೆಸರು ಬಂದಿದ್ದು ಮುಖ್ಯವಾಗಿ 60ರ ದಶಕದಲ್ಲಿ. ಅಮರ್ತ್ಯ ಸೇನ್ 1963ರಿಂದ 1971ರವರೆಗೆ ಅಲ್ಲಿ ಪಾಠ ಮಾಡಿದರು. ಜಗದೀಶ್ ಭಗವತಿ, ಕೆ.ಎನ್. ರಾಜ್, ಸುಖಮಯ್ ಚಕ್ರವರ್ತಿ ಥರದ ದೊಡ್ಡ ಅರ್ಥಶಾಸ್ತ್ರಜ್ಞರೂ ಇದ್ದರು. ಮನಮೋಹನ್ ಸಿಂಗ್ 1969ರಿಂದ 1971ರವರೆಗೆ ಅಂತರರಾಷ್ಟ್ರೀಯ ವ್ಯಾಪಾರದ ಪ್ರೊಫೆಸರ್. ಒಂದು ಕ್ಲಾಸಿನಿಂದ ಇನ್ನೊಂದು ಕ್ಲಾಸಿಗೆ ಹೋದರೆ ಇಂಥವರೇ ಸಿಗುತ್ತಿದ್ದರು ಅಂದರೆ ಆ ಹುಡುಗ ಹುಡುಗಿಯರ ಪುಣ್ಯ ನೋಡಿ.

ನನಗೆ ಮಾತ್ರ ಇವರೆಲ್ಲರಿಗಿಂತ ಹತ್ತಿರ ಅನಿಸಿದವರು ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ರಾವ್ ದೆಹಲಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1959ರಲ್ಲಿ, ಅವರನ್ನು ಬರೋಡಾದಿಂದ ಕರೆಸಿ ಸಮಾಜಶಾಸ್ತ್ರ ವಿಭಾಗ ಕಟ್ಟಿಸಿದರು. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಇದ್ದು ಅಧ್ಯಯನ ಮಾಡಿದ್ದರು. ಆ ಊರಿಗೆ ರಾಂಪುರ ಅಂತ ಹೆಸರು ಬದಲಿಸಿ ಬರೆದರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಕಚೇರಿಗೆ ಯಾರೋ ಬೆಂಕಿ ಹಚ್ಚಿದರು. ವರ್ಷಗಟ್ಟಲೆ ಕೂತು ಒಪ್ಪ ಮಾಡಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಆಮೇಲೆ ಅವರು ಆ ಊರನ್ನು ನೆನಪಿನಿಂದಲೇ ಬರೆದರು. 1976ರಲ್ಲಿ ಆ ಪುಸ್ತಕ ಬಂತು.

ಅದು ನನಗೆ ಸಿಕ್ಕಿದ್ದು ಅಲ್ಲಿನ ರತನ್ ಟಾಟಾ ಲೈಬ್ರರಿಯಲ್ಲಿ. ಡಿಸೆಂಬರ್ ತಿಂಗಳು. ಪೆನ್ನು ಹಿಡಿಯೋಕೂ ಆಗದಷ್ಟು ಬೆರಳು ಮರಗಟ್ಟಿದ್ದವು. ಕಾಸ್ಟ್ ಅಕೌಂಟಿಂಗ್ ಪುಸ್ತಕ ಹುಡುಕಲು ಹೋದವನು ಸುಮ್ನೆ ಇದನ್ನು ತೆರೆದೆ. ಊರಗೌಡರ ಎತ್ತಿನ ಕೊಟ್ಟಿಗೆ ಇದ್ದ ಮನೆಯಲ್ಲೇ ಅವರು ಉಳಿದುಕೊಂಡಿದ್ದರಂತೆ. ನನ್ನ ಅಜ್ಜಿ ಮನೆಯ ಕೊಟ್ಟಿಗೆ ಕಣ್ಣ ಮುಂದೆ ಬಂತು. ಹೊರಗೆ ಹುಲ್ಲಿನ ಮೇಲೆ ಬಿಸಿಲು ಬಂದಿತ್ತು. ಎಲ್ಲರೂ ಟೀ ಕುಡಿಯೋಕೆ ಎದ್ದು ಹೋದರು. ನಾನು ಏಳಲಿಲ್ಲ. ಕಾಮರ್ಸ್ ಓದುವವನ ಕೈಗೂ ಇಂಥ ಪುಸ್ತಕ ಸಿಗಲಿ ಅಂತಲೇ ರಾವ್ ಇಷ್ಟೆಲ್ಲ ವಿಷಯಗಳನ್ನು ಒಂದೇ ಕಡೆ ತಂದರೇನೋ ಅನಿಸುತ್ತದೆ.

ಆ ದೊಡ್ಡ ಗುಂಪು ಜಾಸ್ತಿ ದಿನ ಒಟ್ಟಿಗೆ ಇರಲಿಲ್ಲ. ಭಗವತಿ 1968ರಲ್ಲಿ ಅಮೆರಿಕಕ್ಕೆ ಹೋದರು. 1971ರಲ್ಲಿ ಸೇನ್ ಲಂಡನ್ನಿಗೆ, ಮನಮೋಹನ್ ಸಿಂಗ್ ಸರ್ಕಾರದ ಕೆಲಸಕ್ಕೆ, ರಾಜ್ ತಿರುವನಂತಪುರಕ್ಕೆ. ರಾಜ್ ಅಲ್ಲಿ ಹೊಸ ಸಂಸ್ಥೆಯನ್ನೇ ಕಟ್ಟಿದರು. ಅಷ್ಟರಲ್ಲಿ ರಾವ್ ಬಳ್ಳಾರಿಯಿಂದ ಎರಡು ಸಲ ಲೋಕಸಭೆಗೆ ಗೆದ್ದು, ಕೇಂದ್ರದಲ್ಲಿ ಶಿಕ್ಷಣ ಮಂತ್ರಿಯೂ ಆಗಿದ್ದರು. 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ (ಇನ್‌ಸ್ಟಿಟ್ಯೂಟ್ ಫಾರ್ ಸೋಶಿಯಲ್ ಅಂಡ್ ಎಕನಾಮಿಕ್ ಚೇಂಜ್) ಅನ್ನೋ ಸಂಶೋಧನಾ ಸಂಸ್ಥೆ ಶುರು ಮಾಡಿದರು. ಶ್ರೀನಿವಾಸ್ ಅವರನ್ನು ಅಲ್ಲಿಗೂ ಕರೆಸಿಕೊಂಡರು! ಅರ್ಥಶಾಸ್ತ್ರ, ಸಮಾಜಶಾಸ್ತ್ರ ಮತ್ತೆ ಒಂದೇ ಸೂರಿನಡಿ ಬಂದವು.

ಡಿ ಸ್ಕೂಲ್‌ಗೆ ಈಗ ಪ್ರವೇಶ ಸಿಯುಇಟಿ-ಪಿಜಿ ಅನ್ನೋ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಮೂಲಕ. ಕಾಮರ್ಸ್‌ಗೆ ಅರ್ಜಿ ಹಾಕಿ, ಹಿಂಜರಿಯಬೇಡಿ. ಬೆಂಗಳೂರಿನಲ್ಲಿದ್ದರೆ ಅದಕ್ಕೂ ಮೊದಲು ಒಂದು ದಿನ ನಾಗರಭಾವಿಗೆ ಹೋಗಿ ಐಸೆಕ್ ನೋಡಿ ಬನ್ನಿ. ಅಲ್ಲಿನ ಲೈಬ್ರರಿಗೆ ರಾವ್ ಅವರದ್ದೇ ಹೆಸರಿದೆ.