ಹಳ್ಳಿ ಶಾಲೆಗೆ ಶಿಕ್ಷಕರಾಗಿ ಹೋದರೆ ಈಗ ಕೆಲಸ ಹೇಗಿರುತ್ತೆ?

ಯಾದಗಿರಿ ಕಡೆಯ ಹಳ್ಳಿಯೊಂದಕ್ಕೆ ಪೋಸ್ಟಿಂಗ್ ಆಗಿದೆ, ನಮ್ಮ ತಾತನ ಕಾಲದ ಮೇಷ್ಟ್ರಿಗಿದ್ದ ಸ್ಥಾನ ಈಗಲೂ ಸಿಗುತ್ತಾ ಅಂತ ಕೇಳಿದ್ದೀರಿ. ನಾನು ಅದೇ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಕಂಡದ್ದನ್ನು ಹೇಳುತ್ತೇನೆ.

ಆಗ ಊರಲ್ಲಿ ಓದು ಬರಹ ಬಲ್ಲವರೇ ಒಬ್ಬಿಬ್ಬರು. ಪತ್ರ ಓದಿಸೋಕೆ, ಅರ್ಜಿ ಬರೆಸೋಕೆ, ಸಾಲದ ಕಾಗದ ತೋರಿಸೋಕೆ ಜನ ಮೇಷ್ಟ್ರ ಮನೆಗೆ ಬರುತ್ತಿದ್ದರು. ಎಷ್ಟೋ ಊರುಗಳಲ್ಲಿ ಅಂಚೆ ಕೆಲಸವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಅದೆಲ್ಲ ಈಗ ಮೊಬೈಲಿಗೆ, ಗ್ರಾಮ ಒನ್ ಕೇಂದ್ರಕ್ಕೆ ಹೋಗಿದೆ. ಬೇಜಾರು ಮಾಡಿಕೊಳ್ಳೋದೇನಿಲ್ಲ. ಊರಲ್ಲಿ ಓದಿದವರು ಜಾಸ್ತಿಯಾಗಲಿ ಅಂತಲೇ ಶಾಲೆ ಇರೋದು ಅಲ್ವಾ?

ಈಗ ನಾವೇ ಅವರ ಮನೆಗೆ ಹೋಗಬೇಕು. ನಮ್ಮ ಕಡೆ ಅದಕ್ಕೆ ದೊಡ್ಡ ಕಾರಣ ಗುಳೆ. ಹತ್ತಿ ಬಿಡಿಸೋ ಕಾಲದಲ್ಲಿ ದೊಡ್ಡ ಮಕ್ಕಳು ಹೊಲದಲ್ಲಿರುತ್ತಾರೆ. ಅದು ಮುಗಿದ ಮೇಲೆ ಎಷ್ಟೋ ಮನೆಯವರು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಮಕ್ಕಳೂ ಜೊತೆಗೆ.

ಹೋದ ವರ್ಷ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಊರಲ್ಲೇ ಬಿಟ್ಟು ಹೋಗಿ ಅಂತ ಕೇಳೋಕೆ ಹೋಗಿದ್ದೆ. ಅಜ್ಜಿ ಕಟ್ಟೆ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದರು. "ಇಕಿನ್ನ ಬಿಟ್ಟು ಹೋದ್ರ ಅಲ್ಲಿ ಸಣ್ಣ ಕೂಸಿನ್ನ ಯಾರು ಎತ್ಕೋಬೇಕ್ರಿ ಸರ?" ಅಂದರು. ತಾಯಿ ಕೆಲಸಕ್ಕೆ ಹೋದಾಗ ತಮ್ಮನನ್ನು ನೋಡಿಕೊಳ್ಳೋಕೆ ಅಂತಲೇ ಅವಳನ್ನು ಕರೆದೊಯ್ಯುತ್ತಿದ್ದರು. ಅಂಥ ಕಡೆ ಓದಿನ ಬಗ್ಗೆ ಭಾಷಣ ಮಾಡಿ ಏನು ಪ್ರಯೋಜನ? ಅವರನ್ನು ಕರೆದೊಯ್ಯೋ ಮೇಸ್ತ್ರಿಗೆ ಫೋನ್ ಮಾಡಿ, ಕೆಲಸದ ಜಾಗದ ಹತ್ತಿರ ಅಂಗನವಾಡಿ, ಸರ್ಕಾರಿ ಶಾಲೆ ಎಲ್ಲಿವೆ ಅಂತ ವಿಚಾರಿಸಿದೆ. ಕೂಸು ಅಂಗನವಾಡಿಗೆ ಹೋಯಿತು, ಇವಳು ಅಲ್ಲಿಯ ಶಾಲೆಗೆ ಸೇರಿದಳು. ವರ್ಷದ ಮಧ್ಯೆ ಹೋದರೂ, ಟಿಸಿ ತಡವಾದರೂ ಸೇರಿಸಿಕೊಳ್ಳಲ್ಲ ಅನ್ನೋ ಹಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಲ್ಲೇ (ಆರ್‌ಟಿಇ) ಅದಿದೆ. ತುಂಬಾ ಪೋಷಕರಿಗೆ ಇದು ಗೊತ್ತಿಲ್ಲ, ನಾವೇ ಹೇಳಬೇಕು.

ವಾಪಸ್ ಬಂದ ಮಕ್ಕಳದ್ದು ಇನ್ನೊಂದು ಕಥೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ, ಅಂದರೆ ಚಟುವಟಿಕೆಗಳ ಮೂಲಕ ಕಲಿಸೋ ಪದ್ಧತಿ, ಇಲ್ಲಿ ನಿಜಕ್ಕೂ ಕೈ ಹಿಡಿಯುತ್ತೆ. 1ರಿಂದ 3ನೇ ಕ್ಲಾಸಿನವರು ಒಟ್ಟಿಗೆ ಕೂತರೂ ಕಲಿಕಾ ಏಣಿಯಲ್ಲಿ ಪ್ರತಿ ಮಗುವಿಗೂ ತನ್ನದೇ ಮೆಟ್ಟಿಲು. ಮೂರು ತಿಂಗಳು ಇಲ್ಲದೆ ಬಂದ ಮಗು ಬಿಟ್ಟ ಮೆಟ್ಟಿಲಿಂದಲೇ ಮುಂದೆ ಹೋಗಬಹುದು. ನಾಲ್ಕನೇ ಕ್ಲಾಸಿಗೆ ಈ ಅನುಕೂಲ ಇಲ್ಲ. ಪುಸ್ತಕ ಮುಂದೆ ಹೋಗಿರುತ್ತೆ, ಮಗು ಹಿಂದೆ ಸುಮ್ನೆ ಕೂತಿರುತ್ತೆ. ಶಾಲೆ ಬಿಡೋ ಯೋಚನೆ ಹುಟ್ಟೋದು ಆಗಲೇ. ನಿಮಗೆ 4-5ನೇ ಕ್ಲಾಸು ಕೊಟ್ಟರೆ ಆ ಮಕ್ಕಳನ್ನು ಬೇರೆಯಾಗಿ ಕೂರಿಸಿಕೊಂಡು ಹೇಳಿಕೊಡಲೇಬೇಕು.

ಆ ಸಮಯ ಎಲ್ಲಿಂದ ತರೋದು ಅನ್ನೋದೇ ನನ್ನ ಸಂಕಟ. ಬಿಸಿಯೂಟದ ಲೆಕ್ಕ, ಹಾಲು-ಮೊಟ್ಟೆ ಲೆಕ್ಕ, ಆನ್‌ಲೈನ್ ಎಂಟ್ರಿ, ಮತದಾರರ ಪಟ್ಟಿ ಎಲ್ಲ ನಮ್ಮ ಮೇಲೇ. 2025ರ ದಸರಾದಲ್ಲಿ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಸುತ್ತಿದೆವು. ಸಮೀಕ್ಷೆ ಮುಗಿಯದೆ ರಜೆಯನ್ನೇ ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ಬಿಸಿಯೂಟ ಬೇಡ ಅಂತ ನಾನು ಖಂಡಿತ ಹೇಳಲ್ಲ, ಹಸಿದ ಮಗು ಏನು ಕಲಿತೀತು? ಆದರೆ ಲೆಕ್ಕ ಬರೆಯೋಕೆ ಶಾಲೆಗೊಬ್ಬರು ಗುಮಾಸ್ತರು ಬೇಕು.

ಇನ್ನು ಗೌರವ. ಕುರ್ಚಿಗೆ ಅಂತ ಸಿಗೋದು ಕಡಿಮೆಯಾಗಿದೆ. ಮಗಳ ವಿಷಯಕ್ಕೆ ಮನೆವರೆಗೂ ಬಂದವರನ್ನು ಜನ ಮರೆಯಲ್ಲ.

ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಯಾವ ಮನೆಯವರು ಗುಳೆ ಹೋಗುತ್ತಾರೆ ಅಂತ ಬಿಸಿಯೂಟದ ಅಡುಗೆಯವರನ್ನು ಕೇಳಿ, ಅವರಿಗೆ ಇಡೀ ಊರು ಗೊತ್ತಿರುತ್ತೆ. ಅಪ್ಪ-ಅಮ್ಮನ ನಂಬರಿನ ಜೊತೆ ಮೇಸ್ತ್ರಿಯ ನಂಬರನ್ನೂ ಬರೆದಿಟ್ಟುಕೊಳ್ಳಿ. ಊರು ಬಿಟ್ಟ ಮೇಲೆ ಅಪ್ಪ-ಅಮ್ಮನ ಫೋನ್ ಎಷ್ಟೋ ಸಲ ಸ್ವಿಚ್ ಆಫ್ ಆಗಿರುತ್ತೆ, ಮೇಸ್ತ್ರಿ ಮಾತ್ರ ಸಿಕ್ಕೇ ಸಿಗುತ್ತಾನೆ.